ಕೊನೆಯಿಲ್ಲದ ದುಡಿಮೆ: ಇಸ್ರೇಲ್‌ನ ವಲಸೆ ಆರೈಕೆಗಾರರ ದೇಹಶ್ರಮ

ದುಡಿಮೆ ಮತ್ತು ದಣಿವನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಹೊಲ, ಕಣ, ಬೀಸುಕಲ್ಲುಗಳ ಸುತ್ತ ಬೆಳೆದಿವೆ. ಬೀಸುವ ಕೆಲಸ ಮುಗಿದಾಗ ಕಲ್ಲಿಗೆ ಕೈಮುಗಿದು ಬೀಳ್ಕೊಡುವ ಪದಗಳು ನಮ್ಮಲ್ಲಿವೆ. ರಾಗಿ ಮುಗಿದರೆ ದುಡಿಮೆಯೂ ಮುಗಿಯಿತೆಂಬ ಗಡಿಯನ್ನು ಹಾಡೇ ಹಾಕಿಕೊಡುತ್ತಿತ್ತು. ಇಂಥ ಗಡಿಯೇ ಇಲ್ಲದ ದುಡಿಮೆಯೊಂದರ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಇಸ್ರೇಲ್‌ನಲ್ಲಿ 1986ರಲ್ಲಿ ಅಂಗೀಕಾರವಾಗಿ 1988ರಲ್ಲಿ ಜಾರಿಗೆ ಬಂದ ದೀರ್ಘಾವಧಿ ಆರೈಕೆಯ ವಿಮಾ ಕಾನೂನು, ವೃದ್ಧರನ್ನು ಮನೆಯಲ್ಲಿಯೇ ನೋಡಿಕೊಳ್ಳಲು ನೆರವು ಒದಗಿಸಿತು. ಹಗಲಿರುಳೂ ಜೊತೆಗಿರಬಲ್ಲವರು ದೇಶದೊಳಗೆ ಸಾಕಷ್ಟು ಸಿಗದ ಕಾರಣ ಹೊರದೇಶದವರಿಗೆ ಪರವಾನಗಿ ನೀಡಲಾಯಿತು. 1990ರ ದಶಕದಲ್ಲಿ ಫಿಲಿಪೈನ್ಸ್‌ನಿಂದ ಬಂದವರ ಸಾಲಿಗೆ ಮುಂದೆ ನೇಪಾಳ, ಶ್ರೀಲಂಕಾ, ಭಾರತದವರೂ ಸೇರಿದರು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹೆಣ್ಣು ಗಂಡುಗಳೂ ಅವರಲ್ಲಿದ್ದಾರೆ. ಹೀಬ್ರೂ ಆಡುಮಾತಿನಲ್ಲಿ ‘ಫಿಲಿಪಿನಿತ್’, ಅಂದರೆ ಫಿಲಿಪೈನ್ಸ್‌ನ ಹೆಂಗಸು, ಎಂಬ ಪದಕ್ಕೆ ಆರೈಕೆಗಾರ್ತಿ ಎಂಬ ಅರ್ಥವೇ ಬಂದುಬಿಟ್ಟಿತು. ಒಂದು ದೇಶದ ಹೆಣ್ಣಿನ ಹೆಸರು ಕಸುಬಿನ ಹೆಸರಾದಾಗ, ಆ ಕೆಲಸ ಅವಳ ಸ್ವಭಾವವೆಂಬ ಭಾವನೆ ಬೆಳೆಯುತ್ತದೆ. ಸ್ವಭಾವಕ್ಕೆ ವೇಳೆಯ ಲೆಕ್ಕವಿರುವುದಿಲ್ಲ.

ಈ ಕೆಲಸದ ಭಾರ ಎರಡು ಬಗೆಯದು. ಹಾಸಿಗೆ ಹಿಡಿದವರನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವುದು, ಮಗ್ಗುಲು ಬದಲಾಯಿಸುವುದು, ಮೀಯಿಸುವುದು ಸೊಂಟ, ಹೆಗಲು, ಮಣಿಕಟ್ಟುಗಳನ್ನು ಸವೆಸುತ್ತವೆ. ಇಬ್ಬರು ಹಿಡಿದು ಮಾಡಬೇಕಾದುದನ್ನು ಮನೆಯಲ್ಲಿ ಒಬ್ಬರೇ ಮಾಡಬೇಕು. ಎರಡನೆಯದು ಕಾಯುವಿಕೆ. ರಾತ್ರಿ ಕರೆ ಬರಲಿ, ಬಾರದಿರಲಿ, ಕಿವಿ ಎಚ್ಚರವಾಗಿಯೇ ಇರಬೇಕು. ಮರೆವಿನ ಕಾಯಿಲೆಯವರು ಹಗಲು ರಾತ್ರಿಗಳ ಭೇದವನ್ನೇ ಅರಿಯದಿದ್ದಾಗ ಆರೈಕೆಗಾರರ ನಿದ್ರೆ ಚೂರುಚೂರಾಗುತ್ತದೆ. ಮಧ್ಯವರ್ತಿಗಳಿಗೆ ಹಣ ತೆರಲು ಸಾಲ ಮಾಡಿ ಬಂದವರು ನೋವನ್ನು ಹೇಳಿಕೊಳ್ಳಲೂ ಅಂಜುತ್ತಾರೆ.

ಈ ಕಾಯುವಿಕೆಯನ್ನು ಕಾನೂನು ಹೇಗೆ ಕಂಡಿತೆಂಬುದು ಮುಖ್ಯ ಪ್ರಶ್ನೆ. ಪರವಾನಗಿಯನ್ನು ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವ ಪದ್ಧತಿಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಆದರೆ 2011ರ ತಿದ್ದುಪಡಿಯೊಂದು ಕೆಲಸದ ಮನೆ ಬದಲಾಯಿಸುವ ಸ್ವಾತಂತ್ರ್ಯಕ್ಕೆ ಮತ್ತೆ ಮಿತಿ ಹಾಕಲು ಅವಕಾಶ ಕೊಟ್ಟಿತು. ಹೆಚ್ಚುವರಿ ವೇಳೆಯ ವೇತನ ಕೇಳಿ ಫಿಲಿಪೈನ್ಸ್‌ನ ಆರೈಕೆಗಾರ್ತಿಯೊಬ್ಬರು ಹೂಡಿದ ದಾವೆಯಲ್ಲಿ, ದುಡಿಮೆ ಮತ್ತು ವಿಶ್ರಾಂತಿಯ ವೇಳೆಯನ್ನು ಕುರಿತ 1951ರ ಕಾನೂನು ಮನೆಯಲ್ಲಿಯೇ ವಾಸಿಸುವ ಆರೈಕೆಗಾರರಿಗೆ ಅನ್ವಯಿಸದೆಂದು 2009ರಲ್ಲಿ ತೀರ್ಪು ಬಂದಿತು. 2013ರ ಮರುವಿಚಾರಣೆಯಲ್ಲಿಯೂ ಬಹುಮತ ಅದನ್ನೇ ಎತ್ತಿಹಿಡಿಯಿತು. ದುಡಿಮೆಯ ಗಳಿಗೆಯನ್ನು ಬಿಡುವಿನ ಗಳಿಗೆಯಿಂದ ಬೇರ್ಪಡಿಸಿ ಲೆಕ್ಕವಿಡುವುದು ಕಷ್ಟವೆಂಬುದು ಇದರ ಹಿಂದಿನ ತರ್ಕ. ಆದರೆ ದೇಹವನ್ನು ಕುಗ್ಗಿಸುವುದು ಇವೆರಡೂ ಬೇರ್ಪಡದ ಆ ಸ್ಥಿತಿಯೇ ಅಲ್ಲವೆ? ಶ್ರಮದ ಕಾರಣವೇ ಕೂಲಿ ನಿರಾಕರಿಸಲು ಆಧಾರವಾಯಿತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್‌ನಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಯು, ಕರೆಗಾಗಿ ಕಾದಿರುವ ವೇಳೆಯನ್ನೂ ಆಯಾ ದೇಶದ ಕಾನೂನು ಗೊತ್ತುಪಡಿಸುವ ಮಟ್ಟಿಗೆ ದುಡಿಮೆಯೆಂದು ಪರಿಗಣಿಸುತ್ತದೆ. ವಾರಕ್ಕೆ ಕನಿಷ್ಠ 24 ಗಂಟೆಗಳ ನಿರಂತರ ವಿಶ್ರಾಂತಿಯನ್ನೂ ವಿಧಿಸುತ್ತದೆ. ಇಸ್ರೇಲ್ ಇದನ್ನು ಅನುಮೋದಿಸಿಲ್ಲ. ಜನರನ್ನು ಕಳಿಸುವ ಭಾರತವೂ ಅನುಮೋದಿಸಿಲ್ಲ.

ನೋಡಿಕೊಳ್ಳುತ್ತಿದ್ದ ವೃದ್ಧರು ತೀರಿಕೊಂಡ ದಿನ ಈ ದುಡಿಮೆ ನಿಲ್ಲುತ್ತದೆ. ಅಂದೇ ಆರೈಕೆಗಾರರು ವಾಸದ ಮನೆಯನ್ನೂ ಸಂಪಾದನೆಯನ್ನೂ ಕಳೆದುಕೊಂಡು, ಮತ್ತೊಂದು ಮನೆ ಹುಡುಕತೊಡಗುತ್ತಾರೆ. ಕಲ್ಲಿಗಾದರೂ ಬೀಳ್ಕೊಡುಗೆಯ ಪದವಿತ್ತು.