ನೆಂಟರಿಗೊಂದು ನೆಮ್ಮದಿಯ ಹಾಸಿಗೆ: ಸೋಫಾ ಕಮ್ ಬೆಡ್ ಆರಿಸುವ ಬಗೆ

ಹಗಲಲ್ಲಿ ಕೂರಲು, ರಾತ್ರಿ ಬಿಚ್ಚಿ ಮಲಗಲು ಆಗುವ ಆಸನಕ್ಕೆ ಬೆಂಗಳೂರಿನ ಅಂಗಡಿಗಳಲ್ಲಿ ಸೋಫಾ ಕಮ್ ಬೆಡ್ ಎಂದು ಹೆಸರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತ ಒಂದು ಅಥವಾ ಎರಡು ಬೆಡ್‌ರೂಮಿನ ಮನೆ ಮಾಡಿಕೊಂಡವರಿಗೆ ಇದು ಅಲಂಕಾರದ ವಸ್ತುವಲ್ಲ, ಅಗತ್ಯದ ವಸ್ತು. ಪೀಣ್ಯ ಕೈಗಾರಿಕಾ ಪ್ರದೇಶವೂ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್‌ನ ಎಲೆಕ್ಟ್ರಾನಿಕ್ ಸಿಟಿಯೂ 1970ರ ದಶಕದಲ್ಲಿ ರೂಪುಗೊಂಡವು, ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಐಟಿಪಿಎಲ್ 1990ರ ದಶಕದ್ದು. ಈ ಮೂರೂ ಕಡೆ ದುಡಿಯುವ ಅನೇಕರ ತಂದೆತಾಯಿ ಇನ್ನೂ ಊರಲ್ಲೇ ಇದ್ದಾರೆ. ಅವರು ಹಬ್ಬಕ್ಕೋ ಆಸ್ಪತ್ರೆಗೋ ಮೊಮ್ಮಗುವನ್ನು ನೋಡುವುದಕ್ಕೋ ಬಂದಾಗ ಹಾಲ್ ರಾತ್ರಿಯ ಕೋಣೆಯಾಗುತ್ತದೆ.

ಅಂಗಡಿಯಲ್ಲಿ ನಾವು ನೋಡುವುದು ಮಡಚಿಟ್ಟ ಸೋಫಾವನ್ನು. ನೆಂಟರು ಕಳೆಯುವುದು ಬಿಚ್ಚಿದ ಹಾಸಿಗೆಯ ಮೇಲಿನ ಏಳೆಂಟು ತಾಸುಗಳನ್ನು. ಆದ್ದರಿಂದ ಬಣ್ಣ, ಬಟ್ಟೆಗಳಿಗಿಂತ ಮೊದಲು ಅದರ ಮೇಲೆ ಮಲಗುವವರ ಬೆನ್ನು, ಮಂಡಿ ಮತ್ತು ಅವರು ಉಳಿಯುವ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಳಿದ ಎಲ್ಲ ಆಯ್ಕೆಗಳೂ ಅಲ್ಲಿಂದಲೇ ಹೊರಡುತ್ತವೆ.

ಹಿನ್ನೆಲೆ

ನಮ್ಮ ಹಳೆಯ ಮನೆಗಳಲ್ಲಿ ನೆಂಟರಿಗೆ ಪಡಸಾಲೆಯಲ್ಲಿ ಚಾಪೆ, ಜಮಖಾನ, ಅದರ ಮೇಲೊಂದು ಹತ್ತಿ ಹಾಸಿಗೆ ಬಿಚ್ಚುತ್ತಿದ್ದರು. ಬೆಳಿಗ್ಗೆ ಸುತ್ತಿ ಅಟ್ಟಕ್ಕೇರಿಸಿದರೆ ಜಾಗ ಮತ್ತೆ ಖಾಲಿ. ಪಟ್ಟಣದ ಮನೆಗಳಿಗೆ ಆಮೇಲೆ ದಿವಾನ ಬಂತು. ಒಬ್ಬರು ಮಲಗುವಷ್ಟು ಅಗಲದ ಮಂಚಕ್ಕೆ ದಿಂಬುಗಳನ್ನು ಒರಗಿಸಿ ಹಗಲಲ್ಲಿ ಆಸನ ಮಾಡಿಕೊಳ್ಳುವ ಈ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ.

ಮಡಚುವ ಹಾಸಿಗೆಯ ಯಂತ್ರವಿದ್ಯೆ ಬೆಳೆದದ್ದು ಅಮೆರಿಕದ ಇಕ್ಕಟ್ಟಾದ ನಗರದ ಮನೆಗಳಲ್ಲಿ. ಅಲ್ಲಿನ ಆವಿಷ್ಕಾರಕ ಲೆನಾರ್ಡ್ ಬೇಲಿ 1899ರಲ್ಲಿ ಮಡಚುವ ಮಂಚವೊಂದಕ್ಕೆ ಪೇಟೆಂಟ್ ಪಡೆದರು. ಬರ್ನಾರ್ಡ್ ಕ್ಯಾಸ್ಟ್ರೊ 1931ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಕಂಪನಿ ಸೋಫಾದೊಳಗೆ ಅಡಗುವ ಹಾಸಿಗೆಯನ್ನು ಮನೆಮಾತಾಗಿಸಿತು. ಬೆಂಗಳೂರಿನಲ್ಲಿ ಈಗ ಸಿಗುವ ಹಲವು ಮಾದರಿಗಳಲ್ಲಿ ಆ ಯಂತ್ರವಿದ್ಯೆಯೂ ನಮ್ಮ ದಿವಾನದ ಸರಳತೆಯೂ ಸೇರಿಕೊಂಡಿವೆ.

ಮುಖ್ಯ ಬಗೆಗಳು

*ಬೆನ್ನು ಬೀಳಿಸುವ ಸೋಫಾ:* ಒರಗುವ ಭಾಗವನ್ನು ಮುಂದಕ್ಕೆ ಎಳೆದು ಹಿಂದಕ್ಕೆ ಬಿಟ್ಟರೆ ಅದು ಕೂರುವ ಭಾಗಕ್ಕೆ ಸಮನಾಗಿ ಮಲಗುತ್ತದೆ. ಬಿಚ್ಚುವುದು ಸುಲಭ, ತೂಕ ಕಡಿಮೆ. ಎರಡು ಭಾಗ ಸೇರುವಲ್ಲಿ ಉದ್ದಕ್ಕೂ ಒಂದು ಸಂದು ಉಳಿಯುತ್ತದೆ. ಒಬ್ಬರೇ ಮಲಗಿ ಹೊರಳಿದರೆ ಅದು ಪಕ್ಕೆಗೆ ಒತ್ತುತ್ತದೆ. ಅನೇಕ ಮಾದರಿಗಳನ್ನು ಬಿಚ್ಚಲು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆಯಬೇಕಾಗುತ್ತದೆ.

*ಮುಂದಕ್ಕೆ ಎಳೆಯುವ ಸೋಫಾ:* ಆಸನದ ಕೆಳಗಿನ ಭಾಗವನ್ನು ಡ್ರಾಯರಿನಂತೆ ಎಳೆದು, ಮೇಲೆತ್ತಿ, ಆಸನದ ಮಟ್ಟಕ್ಕೆ ತರುತ್ತಾರೆ. ಎಲ್ ಆಕಾರದ ಸೋಫಾಗಳಲ್ಲಿ ಇದೇ ಹೆಚ್ಚು. ಪಕ್ಕದ ಪೆಟ್ಟಿಗೆಯಲ್ಲಿ ಹೊದಿಕೆ, ದಿಂಬು ಇಡಬಹುದು. ಇಬ್ಬರಿಗೆ ಸಾಕಾಗುವ ಅಗಲ ಸಿಗುತ್ತದೆ. ಭಾರ ಜಾಸ್ತಿ, ಎಳೆಯುವಾಗ ಟೈಲ್ಸ್ ಮೇಲೆ ಗೀರು ಬೀಳದಂತೆ ಚಕ್ರಗಳು ರಬ್ಬರಿನದ್ದಾಗಿರಲಿ.

*ಒಳಗೆ ಮಡಚಿಟ್ಟ ಮಂಚ:* ಆಸನದ ದಿಂಬು ತೆಗೆದು ಲೋಹದ ಚೌಕಟ್ಟನ್ನು ಮಡಿಕೆ ಮಡಿಕೆಯಾಗಿ ಹೊರಗೆ ಬಿಚ್ಚುವ ವಿಧಾನ. ರಾತ್ರಿ ಮಲಗುವುದು ಪ್ರತ್ಯೇಕ ಹಾಸಿಗೆಯ ಮೇಲಾದ್ದರಿಂದ ಹಗಲಲ್ಲಿ ಕೂತ ತಗ್ಗು ಅಲ್ಲಿರುವುದಿಲ್ಲ. ಆದರೆ ಮಡಚಲು ಅನುಕೂಲವಾಗಲೆಂದು ಹಾಸಿಗೆಯನ್ನು ತೆಳುವಾಗಿ ಮಾಡಿರುತ್ತಾರೆ. ಅಗ್ಗದ ಮಾದರಿಗಳಲ್ಲಿ ಸೊಂಟದ ಕೆಳಗೆ ಅಡ್ಡಕಂಬಿ ತಾಗುತ್ತದೆ.

*ಮರದ ಜಾರುಮಂಚ:* ಮರದ ಪಟ್ಟಿಗಳ ಆಸನವನ್ನು ಮುಂದೆ ಎಳೆದು ಅದರ ಮೇಲೆ ದಿಂಬುಗಳನ್ನು ಹರಡುತ್ತಾರೆ. ಕೀಲುಗಳು ಕಡಿಮೆ, ಹಾಗಾಗಿ ಬಾಳಿಕೆ ಹೆಚ್ಚು. ನಮ್ಮ ಬಡಗಿಗಳೂ ಮಾಡಿಕೊಡಬಲ್ಲರು.

*ನೆಲಕ್ಕೆ ಬಿಚ್ಚುವ ಫೋಮ್:* ಚೌಕಟ್ಟೇ ಇಲ್ಲದೆ ಮೂರು ಮಡಿಕೆಯ ಫೋಮ್. ಹಗುರ, ಅಗ್ಗ, ಮನೆ ಬದಲಿಸುವವರಿಗೆ ಅನುಕೂಲ. ಮಲಗುವ ಮಟ್ಟ ನೆಲದಿಂದ ಒಂದು ಅಡಿಗಿಂತ ತಗ್ಗಿರುತ್ತದೆ. ಮಂಡಿನೋವಿರುವ ಹಿರಿಯರಿಗೆ ಇದರಿಂದ ಏಳುವುದೇ ಕಷ್ಟ.

ಅಳತೆ: ಹಾಲ್, ಲಿಫ್ಟ್, ದಾರಿ

ವಯಸ್ಕರಿಗೆ ಹಾಸಿಗೆಯ ಉದ್ದ ಕನಿಷ್ಠ 6 ಅಡಿ ಇರಬೇಕು, ಆರೂವರೆ ಇದ್ದರೆ ಒಳ್ಳೆಯದು. ಒಬ್ಬರಿಗೆ 3 ಅಡಿ ಅಗಲ ಸಾಕು. ಇಬ್ಬರಿಗೆ 4 ಅಡಿ ಇಕ್ಕಟ್ಟು, 5 ಅಡಿ ನೆಮ್ಮದಿ. ಅಂಗಡಿಯ ಚೀಟಿಯಲ್ಲಿ ಸೋಫಾದ ಹೊರ ಅಳತೆ ಬರೆದಿದ್ದರೆ ಕೈಗಳ ನಡುವಿನ ಮಲಗುವ ಜಾಗವನ್ನು ಟೇಪು ಹಿಡಿದು ನಾವೇ ಅಳೆಯಬೇಕು.

ಬಿಚ್ಚಿದ ಮೇಲೆ ಉಳಿಯುವ ದಾರಿಯೂ ಅಷ್ಟೇ ಮುಖ್ಯ. 10 ಅಡಿ ಅಗಲದ ಹಾಲ್‌ನಲ್ಲಿ ಒಂದೂವರೆ ಅಡಿಯ ಟಿ.ವಿ. ಕಪಾಟು ಇದೆ ಎಂದುಕೊಳ್ಳೋಣ. ಗೋಡೆಯಿಂದ 5 ಅಡಿಗೆ ಬಿಚ್ಚಿಕೊಳ್ಳುವ ಸೋಫಾ ಇಟ್ಟರೆ ಮೂರೂವರೆ ಅಡಿ ದಾರಿ ಉಳಿಯುತ್ತದೆ. ಒಳಗಿನಿಂದ ಮಂಚ ಹೊರಬರುವ ಮಾದರಿ ಏಳೂವರೆ ಅಡಿ ಆಕ್ರಮಿಸಿದರೆ ಉಳಿಯುವುದು ಒಂದೇ ಅಡಿ. ಎರಡು ಅಡಿಗಿಂತ ಕಡಿಮೆ ದಾರಿ ಇದ್ದರೆ ರಾತ್ರಿ ಬಚ್ಚಲಿಗೆ ಏಳುವ ಹಿರಿಯರು ಎಡವುವ ಅಪಾಯವಿದೆ. ಕೊಳ್ಳುವ ಮುನ್ನ ಹಳೆಯ ಪೇಪರುಗಳನ್ನು ಅದೇ ಅಳತೆಗೆ ನೆಲದ ಮೇಲೆ ಹಾಸಿ, ಬಾಲ್ಕನಿ ಬಾಗಿಲು ತೆರೆಯುತ್ತದೆಯೇ, ಅಡುಗೆಮನೆಗೆ ದಾರಿ ಇದೆಯೇ ನೋಡಿ.

ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ಪೀಣ್ಯದಲ್ಲಾಗಲಿ ಪಾಳಿ ಕೆಲಸ ಮುಗಿಸಿ ಅಪರಾತ್ರಿ ಮನೆಗೆ ಬರುವವರಿದ್ದಾರೆ. ಮುಂಬಾಗಿಲ ಎದುರಿಗೇ ತಲೆಯಿಟ್ಟು ಮಲಗಿದವರಿಗೆ ಬೀಗದ ಸದ್ದು, ದೀಪದ ಬೆಳಕು ಎರಡೂ ಕಾಟ. ಬಾಗಿಲಿನಿಂದಲೂ ಮಿಕ್ಸಿಯ ಸದ್ದಿನಿಂದಲೂ ದೂರವಿರುವ ಮೂಲೆಯನ್ನು ಹಾಸಿಗೆಗೆ ಕೊಡುವುದು ಹಿತ.

ಅಪಾರ್ಟ್‌ಮೆಂಟಾದರೆ ಲಿಫ್ಟಿನ ಬಾಗಿಲು ಮತ್ತು ಒಳಗಿನ ಎತ್ತರವನ್ನೂ, ಬಾಡಿಗೆಯ ಬಿಡಿಮನೆಯಾದರೆ ಮೆಟ್ಟಿಲಿನ ತಿರುವನ್ನೂ ಅಳೆದಿಟ್ಟುಕೊಳ್ಳಿ. ಮೂರನೇ ಮಹಡಿಯ ಕಿರಿದಾದ ಮೆಟ್ಟಿಲಿಗೆ ಬಿಡಿಭಾಗಗಳಾಗಿ ಬಂದು ಒಳಗೆ ಜೋಡಿಸುವ ಮಾದರಿಯೇ ಸರಿ.

ಫೋಮ್, ನಾರು, ಹತ್ತಿ

ಅಂಗಡಿಯವರು ಹೇಳುವ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎಂದರೆ ಒಂದು ಘನ ಮೀಟರ್ ಫೋಮ್ ಅಷ್ಟು ಕಿಲೊ ತೂಗುತ್ತದೆ ಎಂದರ್ಥ. ಇದು ಬಾಳಿಕೆಯ ಸೂಚಕ, ಗಟ್ಟಿತನದ ಅಳತೆಯಲ್ಲ. ಒಂದೇ ಸಾಂದ್ರತೆಯಲ್ಲಿ ಮೆತ್ತನೆಯದೂ ಗಟ್ಟಿಯದೂ ತಯಾರಾಗುತ್ತವೆ. ದಿನವೂ ಕೂರುವ, ಆಗಾಗ ಮಲಗುವ ಸೋಫಾಗೆ 32ಕ್ಕಿಂತ ಕಡಿಮೆ ಬೇಡ, 40 ಆದರೆ ತಗ್ಗು ಬೀಳುವುದು ತಡ. ಹೇಳಿದ ಮಾತು ನಿಜವೇ ಎಂದು ತೂಗಿಯೂ ನೋಡಬಹುದು: 6 ಅಡಿ ಉದ್ದ, 3 ಅಡಿ ಅಗಲ, 5 ಅಂಗುಲ ದಪ್ಪದ ಫೋಮ್ 32 ಸಾಂದ್ರತೆಯದಾದರೆ ಸುಮಾರು 6.8 ಕಿಲೊ, 40 ಆದರೆ ಸುಮಾರು 8.5 ಕಿಲೊ ಇರಬೇಕು.

ಎಚ್‌ಆರ್ (ಹೈ ರೆಸಿಲಿಯನ್ಸ್) ಫೋಮ್ ಒತ್ತಿದರೆ ಬೇಗ ಪುಟಿದು ಮೇಲೇಳುತ್ತದೆ. ಕೂರುವುದಕ್ಕೂ ಮಲಗುವುದಕ್ಕೂ ಒಂದೇ ದಿಂಬು ಬಳಸುವಾಗ ಇದು ಹೊಂದುತ್ತದೆ. ಚೂರು ಫೋಮ್‌ಗಳನ್ನು ಒತ್ತಿ ಮಾಡಿದ ರೀಬಾಂಡೆಡ್ ಪದರ ತೂಕದಲ್ಲಿ ತುಂಬಾ ಹೆಚ್ಚು, ಗಟ್ಟಿಯೂ ಹೌದು. ಅದು ಅಡಿಪದರವಾಗಿ ಉಪಯುಕ್ತ. ಅದೊಂದೇ ಇದ್ದರೆ ಪಕ್ಕಕ್ಕೆ ಹೊರಳಿ ಮಲಗುವವರ ಭುಜ ನೋಯುತ್ತದೆ. ಮೆಮೊರಿ ಫೋಮ್ ಮೈಗೆ ಅಚ್ಚಾಗಿ ಕೂರುತ್ತದೆ, ಆದರೆ ಏಪ್ರಿಲ್ ಸೆಕೆಯಲ್ಲಿ ಬಿಸಿ ಹಿಡಿದಿಡುತ್ತದೆ.

ತೆಂಗಿನ ನಾರಿಗೆ ರಬ್ಬರ್ ಸೇರಿಸಿ ಮಾಡುವ ಹಾಸಿಗೆಗೂ ಕರ್ನಾಟಕಕ್ಕೂ ಹಳೆಯ ನಂಟು. ಮಣಿಪಾಲದ ಪೈ ಕುಟುಂಬ 1962ರಲ್ಲಿ ಆರಂಭಿಸಿದ ಕಂಪನಿಯ ಕರ್ಲಾನ್ ಅನೇಕ ಮನೆಗಳಲ್ಲಿ ನಾರಿನ ಹಾಸಿಗೆಗೆ ಇನ್ನೊಂದು ಹೆಸರೇ ಆಯಿತು. ನಾರು ಗಾಳಿಯಾಡಲು ಬಿಡುತ್ತದೆ, ಬೆನ್ನಿಗೆ ಆಧಾರ ಕೊಡುತ್ತದೆ. ಮಡಚಿದರೆ ಮುರಿಯುವುದರಿಂದ ದಿವಾನಕ್ಕೂ ಜಾರುಮಂಚಕ್ಕೂ ಮಾತ್ರ ಹೊಂದುತ್ತದೆ.

ಹತ್ತಿ ಹಾಸಿಗೆಗೆ ಒಗ್ಗಿದ ಹಿರಿಯರಿಗೆ ಬರಿಯ ಫೋಮ್ ಮೇಲೆ ನಿದ್ದೆ ಹತ್ತುವುದಿಲ್ಲ. ಎರಡು ಅಂಗುಲದ ಹತ್ತಿಯ ತೆಳು ಹಾಸಿಗೆಯನ್ನು ಮೇಲೆ ಹಾಸಿದರೆ ಸಂದು ಮುಚ್ಚುತ್ತದೆ, ಸೆಕೆಯೂ ತಗ್ಗುತ್ತದೆ. ನವಲಗುಂದದ ಜಮಖಾನವೋ ಉತ್ತರ ಕರ್ನಾಟಕದ ಕೌದಿಯೋ ಮನೆಯಲ್ಲಿದ್ದರೆ ಅದಕ್ಕೂ ಇಲ್ಲಿ ಕೆಲಸವಿದೆ. ಸಾಧಾರಣ ಸೋಫಾವನ್ನು ಒಳ್ಳೆಯ ಹಾಸಿಗೆಯಾಗಿಸಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿಯಿಲ್ಲ.

ಚೌಕಟ್ಟು, ಕೀಲು, ಬಟ್ಟೆ

ಸೋಫಾ ಕಮ್ ಬೆಡ್ ಕೆಡುವುದು ಹೆಚ್ಚಾಗಿ ಕೀಲುಗಳಲ್ಲಿ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನಲ್ಲಿ ಸ್ಕ್ರೂ ಹಿಡಿತ ಬೇಗ ಸಡಿಲವಾಗುತ್ತದೆ. ಪ್ಲೈವುಡ್ ಆದರೆ ಅದರ ಮೇಲಿನ ಮುದ್ರೆ ಓದಿ: ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ನ ಮಾನದಂಡ, ಐಎಸ್ 710 ಮೆರೈನ್ ಪ್ಲೈವುಡ್‌ನದು. ಸೋಫಾಗೆ 303ರಲ್ಲಿನ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ದರ್ಜೆ ಸಾಕು.

ಲೋಹದ ಚೌಕಟ್ಟಾದರೆ ಬೆಸುಗೆ ಒಂದೇ ಸಮನಾಗಿದೆಯೇ, ಪೌಡರ್ ಕೋಟಿಂಗ್ ಒಳಮೂಲೆಗಳಿಗೂ ತಲುಪಿದೆಯೇ ನೋಡಬೇಕು. ಈ ವಿಷಯದಲ್ಲಿ ಪೀಣ್ಯದ ಆಸುಪಾಸಿನವರಿಗೆ ಅನುಕೂಲ ಹೆಚ್ಚು. ಶೀಟ್ ಮೆಟಲ್, ವೆಲ್ಡಿಂಗ್, ಪೌಡರ್ ಕೋಟಿಂಗ್ ಮಾಡುವ ಸಣ್ಣ ಘಟಕಗಳು ಅಲ್ಲಿ ಸಾಕಷ್ಟಿವೆ. ಮುರಿದ ಕಂಬಿಗೆ ಬೆಸುಗೆ ಹಾಕಿಸಿದರೆ ಒಳ್ಳೆಯ ಚೌಕಟ್ಟು ಇನ್ನಷ್ಟು ವರ್ಷ ಬಾಳುತ್ತದೆ.

ಹೊರವಲಯದಲ್ಲಿ ಕಟ್ಟಡ ಕೆಲಸದ ಧೂಳು ನಿತ್ಯದ ಮಾತು, ಹಾಗಾಗಿ ಜಿಪ್ ತೆಗೆದು ಒಗೆಯಬಹುದಾದ ಕವರ್ ಇರಲಿ. ರೆಕ್ಸಿನ್ ಒರೆಸಲು ಸುಲಭ, ಬೆವರಿದ ಮೈಗೆ ಮಾತ್ರ ಅಂಟುತ್ತದೆ. ರಾತ್ರಿ ದಪ್ಪ ಹತ್ತಿಯ ಬೆಡ್‌ಶೀಟ್ ಕಡ್ಡಾಯ. ಮಳೆಗಾಲದಲ್ಲಿ ಮುಚ್ಚಿಟ್ಟ ಹಾಸಿಗೆಗೆ ಮುಗ್ಗಲು ವಾಸನೆ ಬರುತ್ತದೆ. ಬಿಸಿಲು ಬಿದ್ದ ದಿನ ಬಿಚ್ಚಿ ಗಾಳಿಗೆ ಒಡ್ಡಿ.

ಅಂಗಡಿಯಲ್ಲಿ ಪರೀಕ್ಷೆ

ಸಾಧ್ಯವಾದರೆ ಮಲಗಿ ನೋಡಿಯೇ ಕೊಳ್ಳಬೇಕು. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ತೆರೆದ ಐಕಿಯಾ ಮಳಿಗೆ ಪೀಣ್ಯಕ್ಕೆ ಹತ್ತಿರ, ಹಸಿರು ಮಾರ್ಗದ ನಾಗಸಂದ್ರ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಇದೆ. ವೈಟ್‌ಫೀಲ್ಡ್‌ನವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಬಹುದು. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವಿದೆ, ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗದ ರೈಲು ಹತ್ತಬೇಕು. ಬೆಂಗಳೂರಿನಲ್ಲೇ ಹುಟ್ಟಿದ ಅರ್ಬನ್ ಲ್ಯಾಡರ್, ವೇಕ್‌ಫಿಟ್‌ನಂಥ ಕಂಪನಿಗಳ ಸೋಫಾಗಳನ್ನು ಆನ್‌ಲೈನ್‌ನಲ್ಲಿ ತರಿಸುವುದಾದರೆ ಹಿಂದಿರುಗಿಸುವ ನಿಯಮವನ್ನೂ ಕೀಲುಗಳಿಗೆ ವಾರಂಟಿ ಇದೆಯೇ ಎಂಬುದನ್ನೂ ಮೊದಲೇ ಓದಿಕೊಳ್ಳಿ.

ನೋಡಬೇಕಾದದ್ದು ಇಷ್ಟು:

- ಮನೆಯಲ್ಲಿ ಅದನ್ನು ದಿನವೂ ಬಿಚ್ಚುವವರೇ ಅಂಗಡಿಯಲ್ಲೂ ಒಬ್ಬರೇ ಬಿಚ್ಚಿ, ಮಡಚಿ ನೋಡಲಿ.
- ಹತ್ತು ನಿಮಿಷ ಅಂಗಾತ, ಹತ್ತು ನಿಮಿಷ ಪಕ್ಕಕ್ಕೆ ಹೊರಳಿ ಮಲಗಿ. ಸಂದು, ಕಂಬಿ ತಾಗುತ್ತದೆಯೇ ಗಮನಿಸಿ.
- ಅಂಚಿನಲ್ಲಿ ಕೂತಾಗ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಮಂಡಿ ತೊಡೆಯ ಮಟ್ಟದಲ್ಲಿರಬೇಕು. 16ರಿಂದ 18 ಅಂಗುಲ ಎತ್ತರ ಹೆಚ್ಚಿನವರಿಗೆ ಹೊಂದುತ್ತದೆ.
- ಒಂದು ಮೂಲೆಯಲ್ಲಿ ಕೂತಾಗ ಇನ್ನೊಂದು ತುದಿ ಏಳಬಾರದು.
- ಹೊರಳಿದಾಗ ಕಿರುಗುಟ್ಟಬಾರದು.

ಹಳೆಯದು, ಬಾಡಿಗೆಯದು

ಕೆಲಸ ಬದಲಿಸಿ ಊರು ಬಿಡುವವರು ಮಾರುವ ಸೋಫಾಗಳು ಐಟಿ ಬಡಾವಣೆಗಳಲ್ಲಿ ಸಿಗುತ್ತಲೇ ಇರುತ್ತವೆ. ಕೊಳ್ಳುವಾಗ ಹೊಲಿಗೆಯ ಅಂಚು, ಜಿಪ್ಪಿನ ಒಳಗು, ಚೌಕಟ್ಟಿನ ಸಂದುಗಳಿಗೆ ಟಾರ್ಚ್ ಬಿಟ್ಟು ತಿಗಣೆಗಾಗಿ ಹುಡುಕಿ. ಕಪ್ಪು ಚುಕ್ಕೆಗಳು ಕಂಡರೆ ಎಷ್ಟು ಅಗ್ಗವಾದರೂ ಬೇಡ. ತಿಗಣೆ ಒಮ್ಮೆ ಮನೆ ಹೊಕ್ಕರೆ ಮಂಚಕ್ಕೂ ಬಟ್ಟೆಗೂ ಹರಡುತ್ತದೆ. ಬೆಂಗಳೂರಿನ ಫರ್ಲೆಂಕೊ, ರೆಂಟೊಮೊಜೊ ಕಂಪನಿಗಳು ಪೀಠೋಪಕರಣ ಬಾಡಿಗೆಗೆ ಕೊಡುತ್ತವೆ. ಊರಲ್ಲಿ ಎಷ್ಟು ದಿನ ಇರುತ್ತೇವೆಂದು ಗೊತ್ತಿಲ್ಲದವರಿಗೆ ಇದು ಒಳ್ಳೆಯ ದಾರಿ.

ಯಾರಿಗೆ ಯಾವುದು

ವರ್ಷಕ್ಕೆ ನಾಲ್ಕಾರು ರಾತ್ರಿ ಬರುವ ಸ್ನೇಹಿತರಿಗೆ, ಪರೀಕ್ಷೆಗೋ ಸಂದರ್ಶನಕ್ಕೋ ಬರುವ ಕಿರಿಯರಿಗೆ ಬೆನ್ನು ಬೀಳಿಸುವ ಸೋಫಾ ಅಥವಾ ಮೂರು ಮಡಿಕೆಯ ಫೋಮ್ ಸಾಕು. ತಿಂಗಳಿಗೊಮ್ಮೆ ಬಂದು ಮೂರು ನಾಲ್ಕು ದಿನ ಇರುವ ಅಪ್ಪ-ಅಮ್ಮನಿಗೆ ಮುಂದಕ್ಕೆ ಎಳೆಯುವ ಸೋಫಾ, ಮೇಲೊಂದು ಹತ್ತಿ ಹಾಸಿಗೆ ಬೇಕು. ಹಾಲ್ ಕಿರಿದಾಗಿದ್ದು ಬರುವವರು ಒಬ್ಬರೇ ಆದರೆ ನಾರಿನ ಹಾಸಿಗೆ ಹಾಕಿದ ದಿವಾನವೇ ಎಲ್ಲಕ್ಕಿಂತ ಉತ್ತಮ, ಅದನ್ನು ಬಿಚ್ಚುವ ಮಡಚುವ ಗೋಜೇ ಇಲ್ಲ.

ಮಗಳ ಬಾಣಂತನಕ್ಕೆ ಮೂರು ತಿಂಗಳು ಇರಲು ಬರುವ ತಾಯಿಗೆ, ಶಸ್ತ್ರಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳುವ ತಂದೆಗೆ ಯಾವ ಸೋಫಾ ಕಮ್ ಬೆಡ್ ಕೂಡ ತಕ್ಕದ್ದಲ್ಲ. ಅವರಿಗೆ ಬೆಡ್‌ರೂಮಿನ ಮಂಚ ಬಿಟ್ಟುಕೊಟ್ಟು ಮನೆಯ ಕಿರಿಯರು ಹಾಲ್‌ಗೆ ಬರಬೇಕು, ಇಲ್ಲವೇ ಬಾಡಿಗೆಗಾದರೂ ಒಂದು ಮಂಚ ತರಬೇಕು. ಹಾಗೆ ಮಂಚ ಬಿಟ್ಟುಕೊಟ್ಟ ದಿನಗಳಲ್ಲಿ ಸೋಫಾದ ಮೇಲೆ ಮಲಗುವವರು ನಾವೇ. ನಮಗೆ ಮಲಗಲು ಯಾವುದು ಒಪ್ಪುವುದಿಲ್ಲವೋ ಅದನ್ನು ನೆಂಟರಿಗೂ ಕೊಳ್ಳಬಾರದು.