ಮನೆವಾರ್ತೆಯ ಓದು: ಬ್ರಹ್ಮಗಿರಿಯ ಶಿಲೆಯಿಂದ ಮಾಸಪತ್ರಿಕೆಯವರೆಗೆ

ಮನುಷ್ಯನು ಹೇಗೆ ಬಾಳಬೇಕು, ಮನೆಯನ್ನು ಹೇಗೆ ಕಟ್ಟಬೇಕು, ಏನನ್ನು ಅಡಬೇಕು, ಏನನ್ನು ಉಡಬೇಕು ಎಂಬ ವಿಷಯಗಳನ್ನು ಬರೆದಿಡುವುದೂ, ಅಂತಹ ಬರಹವನ್ನು ಗೃಹಸ್ಥರು ತಪ್ಪದೆ ಓದುತ್ತ ಬರುವುದೂ ಈಚಿನ ಕಾಲದ ಹೊಸ ರೂಢಿಯೆಂದು ಹಲವರು ಭಾವಿಸಿರುವರು. ವಾರಪತ್ರಿಕೆಯ ಅಡುಗೆಯ ಪುಟವನ್ನೂ, ಗೃಹಾಲಂಕಾರದ ಲೇಖನವನ್ನೂ ನೋಡಿ, "ನಮ್ಮ ಹಿರಿಯರಿಗೆ ಇವೆಲ್ಲ ಬೇಕಿರಲಿಲ್ಲ" ಎನ್ನುವವರೂ ಉಂಟು. ಇದು ಸರಿಯಾದ ಅಭಿಪ್ರಾಯವಲ್ಲ. ಮೋಕ್ಷಶಾಸ್ತ್ರವೆಷ್ಟು ಹಳೆಯದೋ ಮನೆವಾರ್ತೆಯ ಶಾಸ್ತ್ರವೂ ನಮ್ಮಲ್ಲಿ ಬಹುಮಟ್ಟಿಗೆ ಅಷ್ಟೇ ಹಳೆಯದು. ಅದರ ಕನ್ನಡನಾಡಿನ ಅತಿ ಪ್ರಾಚೀನ ಸಾಕ್ಷ್ಯವು ನಮ್ಮ ಮೊಳಕಾಲ್ಮೂರು ಸೀಮೆಯಲ್ಲಿಯೇ ಬಂಡೆಯ ಮೇಲಿರುವುದು.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳ ಅಶೋಕಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಕ್ರಿ. ಪೂ. 3ನೆಯ ಶತಮಾನದ ಈ ಲೇಖಗಳ ಲಿಪಿಯು ಬ್ರಾಹ್ಮಿ, ಭಾಷೆಯು ಪ್ರಾಕೃತ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಬರೆದ ಪತ್ರದ ರೂಪದಲ್ಲಿ ಬ್ರಹ್ಮಗಿರಿಯ ಶಾಸನವಿರುವುದು. ಮೊದಲು ಆರೋಗ್ಯವನ್ನು ವಿಚಾರಿಸಿ, ತರುವಾಯ ವಿಷಯಕ್ಕೆ ಬರುವುದು. ನಮ್ಮ ಮನೆಗಳಲ್ಲಿ ಕಾಗದ ಬರೆಯುವಾಗ ಮೊದಲು ಕ್ಷೇಮಸಮಾಚಾರವನ್ನು ಕೇಳುತ್ತಿದ್ದ ಪದ್ಧತಿಗೆ ಇದಕ್ಕಿಂತ ಹಳೆಯ ನಿದರ್ಶನವನ್ನು ನಮ್ಮ ನಾಡಿನಲ್ಲಿ ತೋರಿಸುವುದು ಕಷ್ಟ. ಶಾಸನದ ಉತ್ತರಭಾಗದಲ್ಲಿ ಯುದ್ಧದ ಮಾತಿಲ್ಲ, ಕಂದಾಯದ ಮಾತಿಲ್ಲ. ತಾಯಿತಂದೆಗಳ ಸೇವೆಯನ್ನು ಮಾಡಬೇಕು, ಪ್ರಾಣಿಗಳಲ್ಲಿ ದಯೆ ನೆಲೆಯಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ಯಥೋಚಿತವಾಗಿ ನಡೆದುಕೊಳ್ಳಬೇಕು, ಇದೇ ಪುರಾತನವಾದ ಪದ್ಧತಿ, ಇದರಿಂದ ಆಯುಸ್ಸು ದೀರ್ಘವಾಗುವುದು ಎಂಬುದೇ ಅದರ ತಾತ್ಪರ್ಯವು. ಕೊನೆಗೆ ಇದನ್ನು ಬರೆದವನು ಚಪಡನೆಂಬ ಹೆಸರೂ, ಅವನು ಲಿಪಿಕಾರನೆಂಬ ಮಾತು ವಾಯವ್ಯದೇಶದ ಖರೋಷ್ಠಿ ಲಿಪಿಯಲ್ಲಿಯೂ ಇರುವುದರಿಂದ, ಆತನಿಗೆ ಆ ದೂರದೇಶದ ಬರವಣಿಗೆಯ ಪರಿಚಯವಿತ್ತೆಂಬುದು ಸ್ಪಷ್ಟವು.

ಈ ಶಾಸನದ ಪೂರ್ವಭಾಗದಲ್ಲಿ ಒಂದು ವಿಚಾರವು ವಿಶೇಷವಾಗಿ ಗಮನಾರ್ಹವಾಗಿದೆ. ಉತ್ತಮವಾದ ಫಲವು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುವುದು. ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ ಎಂಬುದೇ ಅದು. ಆದರೆ ಬಂಡೆಯ ಮೇಲೆ ಬರೆದ ಮಾತ್ರಕ್ಕೆ ವಿಷಯವು ಜನರನ್ನು ಮುಟ್ಟುವುದಿಲ್ಲವೆಂಬುದು ಆ ಅರಸನಿಗೆ ತಿಳಿದಿತ್ತು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠದಲ್ಲಿ ಆನೆಯ ಸವಾರರು, ಲೇಖಕರು, ರಥವಿದ್ಯೆಯನ್ನು ಕಲಿಸುವವರು, ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಇದನ್ನು ಬೋಧಿಸಬೇಕೆಂದಿರುವುದು. ಒಡಿಶಾದ ಧೌಳಿ ಮತ್ತು ಜೌಗಡಗಳ ಪ್ರತ್ಯೇಕ ಶಾಸನಗಳಲ್ಲಿ, ನಾಲ್ಕು ತಿಂಗಳಿಗೊಮ್ಮೆ ತಿಷ್ಯನಕ್ಷತ್ರದ ದಿನ ಲೇಖವನ್ನು ಎಲ್ಲರೂ ಕೇಳಬೇಕೆಂದೂ, ಮಧ್ಯದಲ್ಲಿ ಒಬ್ಬನೇ ಇದ್ದರೂ ಕೇಳಬಹುದೆಂದೂ ಹೇಳಿದೆ. ಗೊತ್ತಾದ ದಿನದಲ್ಲಿ ಬಾಳುವೆಯ ಕ್ರಮವನ್ನು ಕುರಿತ ಬರಹವನ್ನು ಓದುವ, ಓದಿಸಿ ಕೇಳುವ ಕಟ್ಟಳೆಗೆ ಇದೇ ಮೊದಲು. ತಿಂಗಳ ಮೊದಲಿಗೆ ಬರುವ ಪತ್ರಿಕೆಯನ್ನು ಎದುರುನೋಡುವ ನಾವು, ಅರಿಯದೆಯೇ ಆ ಸಂಪ್ರದಾಯದವರು.

ಅಶೋಕನು ನಡತೆಯನ್ನು ಹೇಳಿದನಲ್ಲದೆ ಮನೆಯೊಳಗಣ ವಿವರಗಳಿಗೆ ಇಳಿಯಲಿಲ್ಲ. ಆ ಕಾರ್ಯವನ್ನು ಸಂಸ್ಕೃತದಲ್ಲಿ ಮಾಡಿದವರಲ್ಲಿ 6ನೆಯ ಶತಮಾನದ ವರಾಹಮಿಹಿರನು ಅಗ್ರಗಣ್ಯನು. ಅವನ 'ಬೃಹತ್ಸಂಹಿತೆ'ಯು ಜ್ಯೌತಿಷಗ್ರಂಥವಾದರೂ ಅದರಲ್ಲಿ ವಾಸ್ತುವಿದ್ಯೆ, ಭೂಗತಜಲವನ್ನು ಕಂಡುಹಿಡಿಯುವ ಕ್ರಮ, ವೃಕ್ಷಾಯುರ್ವೇದ, ಗಂಧಯುಕ್ತಿ ಮೊದಲಾದ ಪ್ರಕರಣಗಳಿವೆ. ಕನ್ನಡದಲ್ಲಿ ಈ ವಿಷಯಗಳನ್ನು ಒಟ್ಟುಗೂಡಿಸಿ ಹೇಳಿದ ಕೀರ್ತಿಯು ಎರಡನೆಯ ಚಾವುಂಡರಾಯನದು. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಳ್ವಿಕೆಯಲ್ಲಿ, ಸುಮಾರು 1025ರಲ್ಲಿ, ಆತನು 'ಲೋಕೋಪಕಾರ'ವೆಂಬ ಗ್ರಂಥವನ್ನು ರಚಿಸಿದನು. ಗ್ರಂಥದ ಹೆಸರೇ ಅದರ ಉದ್ದೇಶವನ್ನು ಸಾರುವುದು. ಪಂಚಾಂಗ, ಶಕುನ, ಮನೆಯ ನಿರ್ಮಾಣ, ಬಾವಿಗೆ ನೆಲವನ್ನು ಆರಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ಮನುಷ್ಯರ ವೈದ್ಯ, ಪಶುಗಳ ವೈದ್ಯ, ವಿಷಚಿಕಿತ್ಸೆ ಮುಂತಾಗಿ ಗೃಹಸ್ಥನಿಗೆ ದಿನಬೆಳಗಾದರೆ ಬೇಕಾದ ಸಂಗತಿಗಳೆಲ್ಲ ಅದರಲ್ಲಿ ಅಡಕವಾಗಿವೆ.

ಸ್ಥಾಲೀಪುಲಾಕನ್ಯಾಯದಿಂದ ಒಂದೆರಡನ್ನು ನೋಡೋಣ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು ನುಣ್ಣಗೆ ಅರೆದು, ಮೊಸರಿನ ತಿಳಿನೀರನ್ನೂ ಸಾಂಬಾರಪದಾರ್ಥಗಳನ್ನೂ ಸೇರಿಸಿ ಮಾಡುವ ತಿಂಡಿಯ ಕ್ರಮವನ್ನು ಚಾವುಂಡರಾಯನು ಕೊಟ್ಟಿರುವನು. ನಮ್ಮ ಇಡ್ಡಲಿಗೆಯ ಚರಿತ್ರೆಯನ್ನು ಬರೆಯುವವರು ಇದನ್ನು ತಪ್ಪದೆ ಸ್ಮರಿಸುತ್ತಾರೆ. ಇನ್ನು ಬಾವಿಯ ವಿಷಯ. ಇಂತಿಂಥ ಮರಗಳ ಬಳಿ, ಇಂತಹ ದಿಕ್ಕಿನಲ್ಲಿ ಹುತ್ತವಿದ್ದರೆ, ಇಷ್ಟು ಆಳದಲ್ಲಿ ನೀರು ಸಿಕ್ಕುವುದೆಂದು ಹೇಳುವ ಈ ಶಾಸ್ತ್ರವು ತುಂಬಿದ ಹೊಳೆಯ ದಡದವರಿಗೆ ಕೇವಲ ವಿನೋದವಾಗಿ ತೋರಬಹುದು. ವರ್ಷಕ್ಕೆ 500 ಮಿಲಿಮೀಟರು ಮಳೆಯೂ ನಂಬಿಕೆಯಿಲ್ಲದ ಚಳ್ಳಕೆರೆಯ ಸೀಮೆಯವರಿಗೆ ಅದು ವಿನೋದವಲ್ಲ. ಆ ಲಕ್ಷಣಗಳೆಲ್ಲವೂ ಪರೀಕ್ಷೆಗೆ ನಿಲ್ಲುವುವೆಂದು ನಾನು ಹೇಳಲಾರೆ. ಆದರೆ ಮನೆಯನ್ನು ಕಟ್ಟುವ ಪ್ರಕರಣದೊಡನೆಯೇ ನೀರನ್ನು ಹುಡುಕುವ ಪ್ರಕರಣವನ್ನೂ ಇಟ್ಟ ಗ್ರಂಥಕಾರನ ವಿವೇಕವು ಸಾಮಾನ್ಯವಾದುದಲ್ಲ. ನೀರಿನ ವಿಚಾರವನ್ನು ಬಿಟ್ಟು ಬಾಗಿಲಿನ ದಿಕ್ಕನ್ನೇ ಚರ್ಚಿಸುತ್ತಿರುವ ಇಂದಿನ ವಾಸ್ತುಪಂಡಿತರು ಇದನ್ನು ಮನನಮಾಡಬೇಕು.

ಇದೇ ಚಾಲುಕ್ಯ ಮನೆತನದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಅದರ ಮತ್ತೊಂದು ಹೆಸರು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ನೂರು ವಿಷಯಗಳನ್ನು ನಿರೂಪಿಸಿರುವ ಆ ಗ್ರಂಥದಲ್ಲಿ ಅನ್ನ, ವಸ್ತ್ರ, ಆಭರಣ, ಹಾಸಿಗೆ, ಚಿತ್ರ, ಸಂಗೀತ ಇವೆಲ್ಲವೂ ಉಂಟು. ವೈಭವದ ದೃಷ್ಟಿಯಿಂದ ಅದಕ್ಕೆ ಸಮನಾದುದಿಲ್ಲ. ಆದರೆ ಅಲ್ಲಿಯ ಭೋಗವೆಲ್ಲವೂ ಅರಸನ ಭೋಗವು. ತರುವಾಯ ಮೂರನೆಯ ಮಂಗರಸನು 16ನೆಯ ಶತಮಾನದ ಆದಿಭಾಗದಲ್ಲಿ ವಾರ್ಧಕಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನು ಬರೆದನು. ಅಡುಗೆಯ ಪಾಠವನ್ನು ಹಾಡಿಕೊಳ್ಳುವಂತೆ ಪದ್ಯದಲ್ಲಿ ಹೇಳಿದ್ದು ಕನ್ನಡಿಗರ ಒಂದು ವಿಶೇಷವೇ ಸರಿ. ಆದರೆ ಚಾವುಂಡರಾಯನಾಗಲಿ ಮಂಗರಸನಾಗಲಿ ಇಂದು ನಮ್ಮ ಸೀಮೆಯ ಅಡುಗೆಮನೆಯೊಳಗೆ ಬಂದರೆ ಬೆರಗಾಗುವರು. ಇಲ್ಲಿಯ ಹೊಲವನ್ನೂ ಗಾಣವನ್ನೂ ತುಂಬಿದ ಶೇಂಗಾ, ಚಟ್ನಿಯನ್ನು ಕೆಂಪಾಗಿಸಿದ ಮೆಣಸಿನಕಾಯಿ, ಇವೆರಡೂ ಅವರ ಪುಸ್ತಕಗಳಲ್ಲಿಲ್ಲ. ಪೋರ್ಚುಗೀಸರ ಕಾಲದಿಂದೀಚೆಗೆ ಅಮೆರಿಕಾಖಂಡದಿಂದ ಬಂದ ಬೆಳೆಗಳಿವು. ಮನೆವಾರ್ತೆಯ ಗ್ರಂಥವು ಎಷ್ಟೇ ಉತ್ತಮವಾದರೂ ಕಾಲಕಾಲಕ್ಕೆ ಹೊಸದಾಗಿ ಬರೆಯಲ್ಪಡಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

ಹಾಗೆ ಕಾಲಕಾಲಕ್ಕೆ ಬರೆಯುವ ಅನುಕೂಲವನ್ನು ಮುದ್ರಣಯಂತ್ರವು ಒದಗಿಸಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಮರುವರ್ಷವೇ ಆ ಪತ್ರಿಕೆಯು ನಮ್ಮ ನೆರೆಯ ಬಳ್ಳಾರಿಗೆ ಬಂದು, ಅಲ್ಲಿ ಅಚ್ಚಿನ ಮೊಳೆಗಳಿಂದ ಮುದ್ರಿತವಾಗಿ, 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಾಳಿತು. ಒಮ್ಮೆ ಬರೆದು ಮುಗಿಸುವ ಗ್ರಂಥದ ಬದಲಿಗೆ ಮತ್ತೆ ಮತ್ತೆ ಬರುವ ಪತ್ರಿಕೆ ಎಂಬ ವಸ್ತುವು ಕನ್ನಡದ ಮನೆಗಳನ್ನು ಪ್ರವೇಶಿಸಿದ್ದು ಹೀಗೆ.

ಆದರೂ ಒಂದು ಕೊರತೆಯು ಉಳಿದಿತ್ತು. ಅಡುಗೆ, ಶಿಶುಪೋಷಣೆ, ಮನೆಯ ಓರಣ ಇವೆಲ್ಲವನ್ನೂ ಸಹಸ್ರವರ್ಷಗಳಿಂದ ನಡೆಸಿಕೊಂಡು ಬಂದವರು ಹೆಂಗಸರು. ಬರೆದವರು ಮಾತ್ರ ಗಂಡಸರು. ಈ ವಿಪರ್ಯಾಸವನ್ನು ಮುರಿದವರಲ್ಲಿ ನಂಜನಗೂಡು ತಿರುಮಲಾಂಬ ಅವರ ಹೆಸರು ಮೊದಲು ನಿಲ್ಲತಕ್ಕದ್ದು. 1887ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿದ ಆ ಮಹನೀಯರು 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿದರು. 'ಸುಶೀಲೆ' ಎಂಬ ಕಾದಂಬರಿಯು ಅದರ ಮೊದಲ ಪುಷ್ಪವು. ಅದಾದ ಕೆಲವೇ ವರ್ಷಗಳಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿದರು. ಶುಭಕಾರ್ಯಗಳಲ್ಲಿ ಮುಂದೆ ನಿಲ್ಲಬಾರದೆಂದು ಸಮಾಜವು ಯಾರಿಗೆ ವಿಧಿಸಿತ್ತೋ, ಅವರೇ ನಾಡಿನ ಗೃಹಿಣಿಯರಿಗೆ ಪತ್ರಿಕೆಯನ್ನು ಕೊಟ್ಟರು. ಅದೇ ಕಾಲದಲ್ಲಿ ಬೆಂಗಳೂರಿನ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಎಂಬ ಮಾಸಪತ್ರಿಕೆಯನ್ನು ಸ್ಥಾಪಿಸಿ, ನಾಲ್ಕು ದಶಕಗಳ ಕಾಲ ಬಿಡದೆ ನಡೆಸಿದರು. ಪತ್ರಿಕೆಯನ್ನು ಆರಂಭಿಸುವುದು ಸುಲಭ, ನಡೆಸುವುದು ಕಷ್ಟವೆಂಬುದನ್ನು ಬಲ್ಲವರಿಗೆ ಅದರ ಮಹತ್ವವು ತಿಳಿದೀತು. ದೇಹಲೀದೀಪನ್ಯಾಯದಂತೆ ಈ ಪತ್ರಿಕೆಗಳು ಹೊಸ್ತಿಲಿನ ಮೇಲಿಟ್ಟ ದೀಪಗಳಾದುವು. ಒಳಮನೆಗೆ ಹೊರಗಿನ ಬೆಳಕನ್ನೂ, ಬೀದಿಗೆ ಒಳಮನೆಯ ಅರಿವನ್ನೂ ಕೊಟ್ಟವು.

ನಮ್ಮ ಸೀಮೆಯೂ ಪತ್ರಿಕಾವಿದ್ಯೆಗೆ ಹೊರತಾಗಿರಲಿಲ್ಲ. ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಆರಂಭಿಸಿದಾಗ ಅವರಿಗೆ ಹೆಗಲೆಣೆಯಾಗಿದ್ದವರು ಚಳ್ಳಕೆರೆ ತಾಲ್ಲೂಕು ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು. ಅದೇ ತಳುಕಿನ ತ. ರಾ. ಸುಬ್ಬರಾಯರು ಕಾದಂಬರಿಕಾರರಾಗಿ ನಾಡಿನ ಮನೆಮನೆಗಳಿಗೆ ಪರಿಚಿತರಾದರು. 1956ರಲ್ಲಿ 'ಕಸ್ತೂರಿ', 1965ರಲ್ಲಿ 'ಸುಧಾ' ಬಂದ ಮೇಲೆ ಗೃಹಜೀವನದ ಬರಹವನ್ನು ತಪ್ಪದೆ ಓದುವುದು ಅಕ್ಷರಸ್ಥರ ಮನೆಗಳಲ್ಲಿ ನಿತ್ಯದ ರೂಢಿಯಾಯಿತು.

ಇಷ್ಟು ಚರಿತ್ರೆಯನ್ನು ಹೇಳಿದುದು ಒಂದು ಪ್ರಶ್ನೆಗಾಗಿ. ಬ್ರಹ್ಮಗಿರಿಯ ಶಾಸನವು 'ಸಣ್ಣವರೂ ದೊಡ್ಡವರೂ' ಎಂದಿತು. ಅರಸರ ಬಾಳುವೆಯು ಗ್ರಂಥವಾಯಿತು. ಪಂಡಿತರ ಬಾಳುವೆಯು ಗ್ರಂಥವಾಯಿತು. ಓದುಬರಹ ಬಲ್ಲ ಗೃಹಿಣಿಯರ ಬಾಳುವೆಯೂ ಪತ್ರಿಕೆಯಾಯಿತು. ಮಿಕ್ಕವರ ಅರಿವು ಎಲ್ಲಿದೆ? ಮೊಳಕಾಲ್ಮೂರಿನ ರೇಷ್ಮೆಸೀರೆಗೆ ಭೌಗೋಳಿಕ ಗುರುತಿನ ಮನ್ನಣೆಯು ದೊರೆತಿರುವುದು ಸಂತೋಷದ ಸಂಗತಿ. ಗೋಪುರದ ಮೊನೆಯಂತಹ ಅಂಚು, ಒಡಲಿನ ಬುಟ್ಟಾ, ಹೂವು ಹಣ್ಣು ಪಕ್ಷಿಗಳ ರೂಪ ಇವುಗಳಿಂದ ಆ ಸೀರೆಯನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ ಜಕಾರ್ಡನು 1804ರ ಸುಮಾರಿಗೆ ರೂಪಿಸಿದ ಯಂತ್ರವು ನಮ್ಮ ಮಗ್ಗಗಳ ಮೇಲೆಯೂ ಕುಳಿತಿದೆ. ತೂತುಗಳುಳ್ಳ ರಟ್ಟುಗಳನ್ನು ಒಂದಕ್ಕೊಂದು ಪೋಣಿಸಿ ಮಗ್ಗದ ಮೇಲೆ ತೂಗುಬಿಟ್ಟರೆ, ಒಂದೊಂದು ರಟ್ಟು ಹೊಕ್ಕಿನ ಒಂದೊಂದು ಎಳೆಗೆ ಹಾಸಿನ ಯಾವ ಎಳೆಗಳು ಏಳಬೇಕೆಂಬುದನ್ನು ನಿರ್ಣಯಿಸುವುದು. ವಿಚಾರಿಸಿ ನೋಡಿದರೆ ಅದೂ ಒಂದು ತಾಳೆಯೋಲೆಯ ಕಟ್ಟು; ಓದುವುದು ಮಗ್ಗ, ಅರ್ಥವು ಸೀರೆ. ಆದರೆ ಯಾವ ಬಣ್ಣಕ್ಕೆ ಯಾವ ಅಂಚು ಒಪ್ಪುವುದು, ಯಾವ ಬುಟ್ಟಾ ಯಾವ ಸೆರಗಿಗೆ ಭಾರವಾಗುವುದು ಎಂಬ ವಿವೇಕವು ರಟ್ಟಿನಲ್ಲಿಲ್ಲ. ಅದು ನೇಕಾರನ ಕಣ್ಣಿನಲ್ಲಿದೆ. ಅವನ ಮಗನು ಮಗ್ಗವನ್ನು ಬಿಟ್ಟು ಪಟ್ಟಣದ ಕಾರ್ಖಾನೆಗೆ ಹೋದ ದಿನ ಆ ಶಾಸ್ತ್ರದ ಒಂದು ಅಧ್ಯಾಯವು ಮುಗಿಯುವುದು.

ಕಂಬಳಿಯ ವಿಷಯವೂ ಹೀಗೆಯೇ. ಕರಿಯ ಕುರಿಯ ಉಣ್ಣೆಯನ್ನು ಕತ್ತರಿಸಿ, ಬಿಡಿಸಿ, ಹೆಂಗಸರು ನೂತು, ಹುಣಸೆಬೀಜದ ಗಂಜಿಯನ್ನು ಹಾಸಿಗೆ ಬಳಿದು ಒಣಗಿಸಿ, ಗಂಡಸರು ನೆಯ್ಯುವ ಆ ಕ್ರಮವು ಚಳ್ಳಕೆರೆಯ ಹಟ್ಟಿಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಗಂಜಿಯ ಹದವೆಷ್ಟು, ಬಿಸಿಲು ಎಷ್ಟು, ಯಾವ ಕಾಲದಲ್ಲಿ ಕತ್ತರಿಸಿದ ಉಣ್ಣೆ ಮೇಲು ಎಂಬುದನ್ನು ಯಾವ ಚಾವುಂಡರಾಯನೂ ಬರೆಯಲಿಲ್ಲ. ಚಳಿಗೂ ಮಳೆಗೂ ಮೈಮುಚ್ಚಿ, ಹಾಸಿಗೆಯಾಗಿ, ದೇವರ ಗದ್ದುಗೆಯಾಗಿ ಒದಗುವ ಇಂತಹ ವಸ್ತುವಿಗೆ ಒಂದು ಪ್ರಕರಣವು ಸಲ್ಲದೆ?

ಬರೆಯಲಾಗದೆಂದು ಹೇಳುವಂತಿಲ್ಲ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಅಕ್ಷರವನ್ನು ಕಲಿತವರಲ್ಲ. ಸಾವಿರಾರು ಪದಗಳನ್ನು ಕಂಠದಲ್ಲಿ ಧರಿಸಿದ್ದವರು. ಕೃಷ್ಣಮೂರ್ತಿ ಹನೂರರು ಅವರ ಬಳಿ ಕುಳಿತು ಕೇಳಿ ಬರೆದುಕೊಂಡದ್ದರಿಂದ ಆ ಸಂಪತ್ತು ಇಂದು ಲೋಕದ ಸ್ವತ್ತಾಗಿದೆ. ಚಪಡನು ಬ್ರಹ್ಮಗಿರಿಯಲ್ಲಿ ಬರೆದುದು ತನ್ನ ಮಾತನ್ನಲ್ಲ, ಒಡೆಯನ ಮಾತನ್ನು. ಇಲ್ಲಿ ಲಿಪಿಕಾರನು ಬರೆದುದು ಒಬ್ಬ ಅಜ್ಜಿಯ ಮಾತನ್ನು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಲಿಪಿಯು ಪಡೆದ ಸಾರ್ಥಕ್ಯವೆಂದರೆ ಇದೇ ಎಂದು ನನಗೆ ತೋರುವುದು.

ಆದಕಾರಣ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಉತ್ತಮವಾದ ಪತ್ರಿಕೆಗಳನ್ನು ತರಿಸಿ ತಪ್ಪದೆ ಓದೋಣ. ಅವುಗಳಿಂದ ಮನೆಗೆ ಬೆಳಕಾಗುವುದು. ಅದರೊಡನೆ ನೇಕಾರರು, ಕುರಿಗಾರರು, ಗಾಣದವರು, ನಮ್ಮ ಮನೆಗಳಲ್ಲಿಯೇ ಇರುವ ವೃದ್ಧಮಾತೆಯರು ಇವರ ಬಳಿ ಒಂದು ಗಳಿಗೆ ಕುಳಿತು, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದು, ಈ ಮಾಸಪತ್ರಿಕೆಗೆ ಕಳುಹಿಸೋಣ. ಒಂದೊಂದು ಸಂಚಿಕೆಗೆ ಒಂದೊಂದು ಅಂಚಿನ, ಒಂದೊಂದು ಅಡುಗೆಯ, ಒಂದೊಂದು ಬಾವಿಯ ವಿಚಾರವು ಬಂದರೂ ಹತ್ತು ವರ್ಷಗಳಲ್ಲಿ ನೂರಿಪ್ಪತ್ತು ಪ್ರಕರಣಗಳಾಗುವುವು. ಸೋಮೇಶ್ವರನ ನೂರು ಅಧ್ಯಾಯಗಳಿಗಿಂತ ಅದು ಇಪ್ಪತ್ತು ಹೆಚ್ಚು. ಮತ್ತು ಅದು ಅರಸನ ಉಲ್ಲಾಸಕ್ಕಾಗಿ ಆಗಿರದೆ ನಿಜವಾದ ಲೋಕೋಪಕಾರವಾಗಿರುವುದು.