ಡಿಸ್ಕಿನ ಮಾತನ್ನು ಎಷ್ಟು ನಂಬಬೇಕು

ಕರ್ನಾಟಕದ ಕಂದಾಯ ಇಲಾಖೆಯು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ತಾಲ್ಲೂಕಿನಿಂದ ತಾಲ್ಲೂಕಿಗೆ ರದ್ದುಪಡಿಸುತ್ತ ಹೋದಾಗ, ಅಂದು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ನಿಡಗುಂದಿ ಭಾಗದ ರೈತರ ಉತಾರಗಳೂ, ಎಂದರೆ ಪಹಣಿಗಳೂ, ತಲಾಠಿಯ ದಫ್ತರವನ್ನು ಬಿಟ್ಟು ತಾಲ್ಲೂಕು ಕಚೇರಿಯ ಸರ್ವರಿನೊಳಗಿನ ಡಿಸ್ಕನ್ನು ಸೇರಿದವು. ಆಲಮಟ್ಟಿಯ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಕುಟುಂಬಗಳಿರುವ ಈ ಸೀಮೆಯಲ್ಲಿ ಬೆಳೆಸಾಲಕ್ಕೂ ಭೂಸ್ವಾಧೀನದ ಪರಿಹಾರಕ್ಕೂ ಉತಾರವೇ ಆಧಾರವಾದ್ದರಿಂದ, ಡಿಸ್ಕಿನ ಮೇಲಿನ ಒಂದು ಸಾಲು ಅಳಿಸಿಹೋಗುವುದೆಂದರೆ ಒಂದು ಮನೆತನದ ಹಕ್ಕು ವ್ಯಾಜ್ಯಕ್ಕೆ ಬೀಳುವುದೆಂದೇ ಅರ್ಥ. ‘ಭೂಮಿ’ಯನ್ನು ಕುರಿತ ಬರಹಗಳು 15 ರೂಪಾಯಿ ಶುಲ್ಕವನ್ನೂ ಸಿಬ್ಬಂದಿಯ ಬೆರಳಚ್ಚಿನ ಪರಿಶೀಲನೆಯನ್ನೂ ಲಂಚದ ಇಳಿಕೆಯನ್ನೂ ವಿಸ್ತಾರವಾಗಿ ಚರ್ಚಿಸಿವೆ, ಆದರೆ ಆ ಎಲ್ಲ ವ್ಯವಸ್ಥೆಯ ತಳದಲ್ಲಿ ಕಾರ್ಯಾಚರಣ ವ್ಯವಸ್ಥೆಗೂ ಡಿಸ್ಕಿಗೂ ನಡುವೆ ನಿಂತು ಆಜ್ಞೆಗಳನ್ನು ಒಯ್ಯುವ, ವರದಿಗಳನ್ನು ತರುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶದ ಚರಿತ್ರೆ ಬಹುಮಟ್ಟಿಗೆ ತಂತ್ರಜ್ಞರ ವಲಯದೊಳಗೇ ಉಳಿದಿದೆ.

ಆ ಚರಿತ್ರೆಯು ಡಿಸ್ಕಿನೊಡನೆಯೇ ಆರಂಭವಾಗುತ್ತದೆ. ಐಬಿಎಂ ಕಂಪನಿಯು 1956ರಲ್ಲಿ ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕು 24 ಅಂಗುಲ ವ್ಯಾಸದ 50 ತಟ್ಟೆಗಳಲ್ಲಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಆದರೆ ಬೇಕಾದ ಜಾಗಕ್ಕೆ ಅದರ ಓದುಮೊನೆ ತಲುಪಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯಬಹುದಾಗಿತ್ತು. ಇಂಥ ನಿಧಾನದ ಸಾಧನಗಳಿಗಾಗಿ ಪ್ರೊಸೆಸರು ಕೈಕಟ್ಟಿ ಕಾಯುವುದನ್ನು ತಪ್ಪಿಸುವ ಉಪಾಯವೇ ಇಂಟರಪ್ಟ್. ಅಂದರೆ ಕೆಲಸ ಮುಗಿದ ಕೂಡಲೇ ಸಾಧನವೇ ಸಂಕೇತ ಕಳಿಸಿ, ನಡೆಯುತ್ತಿರುವ ಲೆಕ್ಕವನ್ನು ಅರೆಕ್ಷಣ ನಿಲ್ಲಿಸಿ, ಪ್ರೊಸೆಸರಿನ ಗಮನವನ್ನು ತನ್ನತ್ತ ಸೆಳೆಯುವ ಏರ್ಪಾಡು. ಹೊರಗಿನ ಸಾಧನಗಳಿಗಾಗಿ ಇದನ್ನು ಮೊದಲು ಅಳವಡಿಸಿಕೊಂಡ ಕೀರ್ತಿಯನ್ನು 1954ರ ಅಮೆರಿಕದ ಡೈಸಿಯಾಕ್ ಯಂತ್ರಕ್ಕೆ ಸಾಮಾನ್ಯವಾಗಿ ಸಲ್ಲಿಸಲಾಗುತ್ತದೆ. ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರ ಎಕ್ಸ್1 ಎಂಬ ಯಂತ್ರದ ಇಂಟರಪ್ಟುಗಳನ್ನು ನಿಭಾಯಿಸುವ ಕಾರ್ಯಕ್ರಮವನ್ನೇ 1959ರ ತಮ್ಮ ಡಾಕ್ಟರೇಟ್ ಪ್ರಬಂಧದ ವಿಷಯವಾಗಿಸಿಕೊಂಡರು. ಸಂಕೇತ ಯಾವ ಕ್ಷಣದಲ್ಲಾದರೂ ಬರಬಹುದಾದ್ದರಿಂದ ಒಮ್ಮೆ ಕಂಡ ದೋಷವನ್ನು ಮತ್ತೆ ಕಾಣುವಂತೆ ಮಾಡಲು ಆಗುವುದೇ ಇಲ್ಲವೆಂಬ ಅವರ ಅಂದಿನ ಅಂಜಿಕೆ ಇಂದಿಗೂ ಹಳತಾಗಿಲ್ಲ.

ಆ ಕಾಲದ ಡ್ರೈವರುಗಳ ಮನೋಧರ್ಮವನ್ನು ತಿಳಿಯಲು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ 1975ರ ಆರನೆಯ ಆವೃತ್ತಿಗಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ಆಸ್ಟ್ರೇಲಿಯದ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಬರೆದ ಟೀಕೆಯಿಂದಾಗಿ ಅದರ ಮೂಲಪಾಠವು ಹಲವು ದೇಶಗಳ ಪ್ರೋಗ್ರಾಮರುಗಳ ಕೈ ಸೇರಿತು. ಸುಮಾರು 25 ಲಕ್ಷ ಬೈಟುಗಳ ಆರ್‌ಕೆ05 ಡಿಸ್ಕಿನ ಡ್ರೈವರು ಅಲ್ಲಿ ಕೆಲವೇ ಹಾಳೆಗಳಷ್ಟು. ಇಂಟರಪ್ಟ್ ಬಂದೊಡನೆ ಅದು ಮಾಡುವ ಮೊದಲ ಕೆಲಸವೆಂದರೆ ತಾನು ಡಿಸ್ಕಿಗೆ ಯಾವುದಾದರೂ ಕೆಲಸ ಒಪ್ಪಿಸಿತ್ತೇ ಎಂದು ನೋಡಿಕೊಳ್ಳುವುದು. ಒಪ್ಪಿಸಿರದಿದ್ದರೆ ಬಂದ ಸಂಕೇತ ಹುಸಿಯೆಂದು ತಿಳಿದು ಸುಮ್ಮನೆ ಹಿಂದಿರುಗುತ್ತದೆ. ಡಿಸ್ಕು ದೋಷವನ್ನು ವರದಿ ಮಾಡಿದ್ದರೆ ಅದೇ ಕೆಲಸವನ್ನು 10 ಸಲದವರೆಗೆ ಮತ್ತೆ ಮಾಡಿಸಿ, ಆಮೇಲಷ್ಟೇ ಸೋಲೊಪ್ಪುತ್ತದೆ. ಹುಸಿ ಸಂಕೇತಕ್ಕೂ ಕೆಟ್ಟ ವರದಿಗೂ ಹೀಗೆ ಎಚ್ಚರ ವಹಿಸಿದ ಅದೇ ಡ್ರೈವರಿನಲ್ಲಿ, ಬರಬೇಕಾದ ಸಂಕೇತ ಬಾರದೇ ಹೋದರೆ ಏನು ಮಾಡಬೇಕೆಂಬುದಕ್ಕೆ ಒಂದು ಸಾಲೂ ಇಲ್ಲ. ಡಿಸ್ಕು ಮೌನ ತಾಳಿದರೆ ಅದಕ್ಕಾಗಿ ಕಾದ ಕಾರ್ಯಕ್ರಮವೂ ಕೊನೆಯಿಲ್ಲದೆ ಕಾಯುತ್ತದೆ. ಇದನ್ನು ಬರೆದವರ ಅಜಾಗ್ರತೆಯೆನ್ನುವುದಕ್ಕಿಂತ, ಯಂತ್ರದ ಪಕ್ಕದಲ್ಲೇ ಮನುಷ್ಯನೊಬ್ಬ ಕುಳಿತಿರುತ್ತಾನೆಂಬ ಆ ಕಾಲದ ಭರವಸೆಯೆನ್ನುವುದು ನ್ಯಾಯ.

ಆ ಭರವಸೆ ಅಗ್ಗದ ಯಂತ್ರಗಳ ಕಾಲದಲ್ಲಿ ಉಳಿಯಲಿಲ್ಲ. 1990ರ ದಶಕದಲ್ಲಿ ಪಿಸಿಐ ಎಂಬ ಸಂಪರ್ಕಪಥವು ಒಂದೇ ಇಂಟರಪ್ಟ್ ತಂತಿಯನ್ನು ಹಲವು ಸಾಧನಗಳು ಹಂಚಿಕೊಳ್ಳಲು ಬಿಟ್ಟಿತು. ಹೀಗಾಗಿ ಸಂಕೇತ ಬಂದಾಗ ಪ್ರತಿಯೊಂದು ಡ್ರೈವರೂ ಕರೆದದ್ದು ತನ್ನ ಸಾಧನವೇ ಎಂದು ವಿಚಾರಿಸಿ, ಅಲ್ಲವಾದರೆ ಅಲ್ಲವೆಂದು ಪ್ರಾಮಾಣಿಕವಾಗಿ ಹೇಳಬೇಕಾಯಿತು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಈ ಪ್ರಾಮಾಣಿಕತೆಗೆ ಲೆಕ್ಕವನ್ನೇ ಇಡತೊಡಗಿತು: ಒಂದು ತಂತಿಯಲ್ಲಿ ಬಂದ 1 ಲಕ್ಷ ಸಂಕೇತಗಳಲ್ಲಿ 99,900ಕ್ಕಿಂತ ಹೆಚ್ಚಿನವಕ್ಕೆ ವಾರಸುದಾರರಿಲ್ಲವಾದರೆ ಆ ತಂತಿಯನ್ನೇ ಮುಚ್ಚಿಬಿಡುತ್ತದೆ. ತಪ್ಪಿಹೋದ ಸಂಕೇತಕ್ಕೆ ಮದ್ದಾಗಿ ಬಂದದ್ದು ಗಡುವು. ಪ್ರತಿ ಆಜ್ಞೆಯ ಜೊತೆಗೂ ಒಂದು ಗಡಿಯಾರವನ್ನು ಹಚ್ಚಿಟ್ಟು, ವೇಳೆ ಮೀರಿದರೆ ಡ್ರೈವರು ತಾನೇ ಹೋಗಿ ಡಿಸ್ಕಿನ ಸ್ಥಿತಿಯನ್ನು ಓದುವುದು, ಕೆಲಸ ಮುಗಿದಿದ್ದರೆ ಸಂಕೇತ ಬಂದಂತೆಯೇ ಮುಂದುವರಿಯುವುದು, ಇಲ್ಲವಾದರೆ ಆಜ್ಞೆಯನ್ನು ಹಿಂಪಡೆದು, ಅದೂ ಆಗದಿದ್ದರೆ ಸಾಧನವನ್ನೂ ಕೊನೆಗೆ ಸಂಪರ್ಕಪಥವನ್ನೂ ಮೊದಲ ಸ್ಥಿತಿಗೆ ತರುವುದು. ‘ಭೂಮಿ’ಯ ಕಾಲದ ಸರ್ವರುಗಳಲ್ಲಿ ವ್ಯಾಪಕವಾಗಿದ್ದ ವಿಂಡೋಸ್ ಎನ್‌ಟಿಯಲ್ಲಿ, ಸಾಧನವು ಗಡುವಿನೊಳಗೆ ಉತ್ತರಿಸಲಿಲ್ಲವೆಂಬ ಸುದ್ದಿ 9ನೇ ಸಂಖ್ಯೆಯ ಘಟನೆಯಾಗಿ ದಾಖಲೆಪಟ್ಟಿಯಲ್ಲಿ ಮೂಡುತ್ತಿತ್ತು; ಡಿಸ್ಕನ್ನು ನೋಡಿಕೊಳ್ಳಲು ಯಾರೂ ಕುಳಿತಿರದ ಸಣ್ಣ ಊರಿನ ಕಚೇರಿಗಳಿಗೆ ಇಂಥ ಏರ್ಪಾಡು ಅತ್ಯಗತ್ಯವಾಗಿತ್ತು.

ಗಡುವು ತಾನೇ ಹೊಸದೊಂದು ತೊಡಕನ್ನೂ ಹುಟ್ಟಿಸಿತು. ಸೋತಿತೆಂದು ಬಿಟ್ಟ ಆಜ್ಞೆಗೆ ಡಿಸ್ಕು ತಡವಾಗಿ ಉತ್ತರಿಸಿದರೆ, ಅಷ್ಟರಲ್ಲಿ ಆ ಆಜ್ಞೆಯ ಗುರುತಿನ ಸಂಖ್ಯೆಯನ್ನೇ ಬೇರೊಂದು ಆಜ್ಞೆಗೆ ಕೊಟ್ಟಿದ್ದ ಪಕ್ಷದಲ್ಲಿ, ಹಳೆಯ ಉತ್ತರ ಹೊಸ ಕೆಲಸದ ಲೆಕ್ಕಕ್ಕೆ ಜಮೆಯಾಗುತ್ತದೆ. ಒಬ್ಬನ ಉತಾರ ಕೇಳಿದವನ ಕೈಗೆ ಮತ್ತೊಬ್ಬನದನ್ನು ಕೊಟ್ಟಂಥ ಪ್ರಮಾದವಿದು. ಎನ್‌ವಿಎಂಇ ಎಂಬ ಈಚಿನ ನಿಯಮಾವಳಿಯ ಡಿಸ್ಕುಗಳನ್ನು ನಡೆಸುವ ಲಿನಕ್ಸಿನ ಡ್ರೈವರು ಗುರುತಿನ ಸಂಖ್ಯೆಯ 4 ಬಿಟ್‌ಗಳನ್ನು ಸರದಿಯ ಎಣಿಕೆಗೆಂದು ಮೀಸಲಿಟ್ಟು ಇಂಥ ಹಳಸಿದ ಉತ್ತರಗಳನ್ನು ಹಿಡಿಯಲು ತೊಡಗಿದ್ದು 2021ರಲ್ಲಿ, ಎಂದರೆ ಈ ಅಪಾಯ ತಿಳಿದು ದಶಕಗಳಾದ ಮೇಲೆ.

ಡ್ರೈವರ್ ಬರೆಯುವ ಈ ಕಸುಬಿನ ಒಂದು ಪಾಲು ಬೆಂಗಳೂರಿಗೆ ಬಂದದ್ದು 1990ರ ದಶಕದಲ್ಲಿ. 1980ರ ದಶಕದ ಆರಂಭದಲ್ಲಿ ಸ್ವಂತ ಮಿನಿ ಕಂಪ್ಯೂಟರುಗಳನ್ನು ತಯಾರಿಸಿದ್ದ ವಿಪ್ರೋ, 1991ರ ಉದಾರೀಕರಣದ ಬಳಿಕ ತನ್ನ ಎಂಜಿನಿಯರುಗಳ ಕೌಶಲವನ್ನು ವಿದೇಶಿ ಕಂಪನಿಗಳಿಗೆ ಸೇವೆಯಾಗಿ ಒದಗಿಸತೊಡಗಿತು. ಶೇಖರಣಾ ಸಾಧನಗಳ ಬಹುರಾಷ್ಟ್ರೀಯ ಕಂಪನಿಗಳೂ ನಂತರ ಅಲ್ಲಿ ನೆಲೆಯೂರಿದವು.

2011ರ ಮಾರ್ಚಿನಲ್ಲಿ ಪ್ರಕಟವಾದ ಎನ್‌ವಿಎಂಇ ನಿಯಮಾವಳಿಯು ಹಳೆಯ ತಂತಿಯ ಸಂಕೇತವನ್ನು ಬಹುಮಟ್ಟಿಗೆ ಹಿನ್ನೆಲೆಗೆ ಸರಿಸಿತು. ಈ ವಿಧಾನದಲ್ಲಿ ಸಾಧನವು ಮುಗಿದ ಪ್ರತಿ ಕೆಲಸದ 16 ಬೈಟ್‌ಗಳ ವರದಿಯನ್ನು ಸ್ಮೃತಿಯಲ್ಲಿನ ಸರದಿಯೊಂದರಲ್ಲಿ ಬರೆದಿಟ್ಟು, ಪ್ರತಿ ಸುತ್ತಿನಲ್ಲೂ ಬದಲಾಗುವ ಒಂದು ಬಿಟ್‌ನಿಂದ ವರದಿ ಹೊಸತೆಂದು ಸೂಚಿಸುತ್ತದೆ; ಇಂಟರಪ್ಟ್ ಕೂಡ ಸ್ಮೃತಿಗೆ ಬರೆಯುವ ಸಂದೇಶವೇ ಆಗಿ, ಬರೆದ ಕ್ರಮದಲ್ಲೇ ಬರುವುದರಿಂದ ವರದಿಗಿಂತ ಮೊದಲು ಕರೆ ಮುಟ್ಟುವ ಹಳೆಯ ತೊಂದರೆ ಇಲ್ಲಿಲ್ಲ. ಹೀಗಿದ್ದೂ ಲಿನಕ್ಸಿನ ಡ್ರೈವರು ಸಾಮಾನ್ಯವಾಗಿ 30 ಸೆಕೆಂಡಿನ ಗಡುವನ್ನು ಬಿಟ್ಟುಕೊಟ್ಟಿಲ್ಲ. ವೇಳೆ ಮೀರಿದಾಗ ತಾನೇ ಸರದಿಯನ್ನು ಓದಿ, ವರದಿ ಅಲ್ಲಿದ್ದರೆ ಸಂಕೇತ ಮಾತ್ರ ತಪ್ಪಿತೆಂದು ದಾಖಲಿಸಿ ಮುನ್ನಡೆಯುತ್ತದೆ. ನಡುವೆ ಸಾಧನವನ್ನೇ ಕಿತ್ತರೆ ಅದರ ಪ್ರತಿ ಓದೂ ಎಲ್ಲ ಬಿಟ್‌ಗಳೂ 1 ಆಗಿರುವ ಸಂಖ್ಯೆಯನ್ನು ಕೊಡುವುದರಿಂದ, ಆ ಸಂಖ್ಯೆ ಕಂಡಾಗ ಸಾಧನವಿಲ್ಲವೆಂದು ಊಹಿಸುವುದನ್ನೂ ಡ್ರೈವರು ಕಲಿಯಬೇಕಾಯಿತು. ಇಷ್ಟಾಗಿಯೂ ‘ಬರೆದಾಯಿತು’ ಎಂಬ ವರದಿಯು, ವಿದ್ಯುತ್ತು ಹೋದರೆ ಅಳಿಯುವ ಡಿಸ್ಕಿನೊಳಗಿನ ತಾತ್ಕಾಲಿಕ ಸ್ಮೃತಿಗೆ ಮಾತ್ರ ಸಂಬಂಧಿಸಿರಬಹುದಾದ್ದರಿಂದ, ಹಕ್ಕು ಬದಲಾವಣೆಯಂಥ ದಾಖಲೆಯನ್ನು ಬರೆದ ಡೇಟಾಬೇಸು ಅದೆಲ್ಲವನ್ನೂ ಶಾಶ್ವತ ಮಾಧ್ಯಮಕ್ಕೆ ಇಳಿಸೆಂಬ ಪ್ರತ್ಯೇಕ ಆಜ್ಞೆಯನ್ನು ಕಳಿಸಿ, ಅದರ ಉತ್ತರ ಬರುವವರೆಗೂ ಕಾಯುತ್ತದೆ. ಆ ಉತ್ತರಕ್ಕೂ ಡ್ರೈವರು ಗಡುವನ್ನು ಇಟ್ಟಿರುತ್ತದೆ.